ಕೋಳಿ ಕಂಪೆನಿಯವರು ಕುಂದಾಪುರಕ್ಕೆ ಬಂದದ್ದು

ನನಗೆ ಮೊದಲ ಕೆಲಸ ಕೊಟ್ಟದ್ದು ಕೋಳಿ ಹುರಿದು ಕಾಗದದ ಡಬ್ಬಿಯಲ್ಲಿ ಹಾಕಿ ಮಾರುವ ಒಂದು ಕಂಪೆನಿ. ಅದರ ಸಂಬಳದಲ್ಲಿ ಕೆಲವು ವರ್ಷ ಬದುಕಿದ್ದೇನೆ. ಸಂಬಳ ಕೊಟ್ಟವರನ್ನು ಆಡಿಕೊಳ್ಳಬಾರದು ಎಂದು ನನ್ನಜ್ಜಿ ಹೇಳಿಕೊಟ್ಟಿದ್ದಳು. ಹಾಗೆ ಹೇಳಿದ ಅಜ್ಜಿಯೇ ಯಾರ ಮನೆಯಲ್ಲಿ ಉಂಡು ಬಂದರೂ, ಅವರ ಸಾರಿಗೆ ಹುಳಿ ಹೆಚ್ಚಾಗಿತ್ತು, ಪಾಯಸದಲ್ಲಿ ಗೋಡಂಬಿ ಹುಡುಕಬೇಕಿತ್ತು ಎಂದು ಒಂದು ಸುತ್ತು ಹೇಳಿ ಮುಗಿಸದೆ ಎಲೆಯಡಿಕೆ ಬಾಯಿಗೆ ಹಾಕಿದವಳಲ್ಲ. ನಾನು ಮಾತು ಕಲಿತದ್ದು ಅವಳಿಂದ. ಆದ್ದರಿಂದ ಹೇಳಿಯೇ ಬಿಡುತ್ತೇನೆ.

ಎರಡು ಸಾವಿರದ ಒಂಬತ್ತರ ಆಸುಪಾಸು. ನಮ್ಮ ಮನೆ ಉಪ್ಪುಂದದಲ್ಲಿ. ಅಪ್ಪ ಬೋಟಿಗೆ ಹೋಗುವವರು. ಅಮ್ಮ ಮತ್ತು ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಮೀನು ಮಾರ್ಕೆಟ್ಟಿನಲ್ಲಿ ಅಕ್ಕಪಕ್ಕ ಕೂತು ಮೀನು ಮಾರುವವರು. ಮಾರ್ಕೆಟ್ಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಅದಕ್ಕೆ ದಾಖಲೆ ಇಲ್ಲ, ದಸ್ತಾವೇಜು ಇಲ್ಲ. ಯಾರ ಅತ್ತೆ ಎಲ್ಲಿ ಕೂತಿದ್ದಳೋ ಅಲ್ಲಿ ಸೊಸೆ, ಯಾರ ತಾಯಿ ಎಲ್ಲಿ ಕೂತಿದ್ದಳೋ ಅಲ್ಲಿ ಮಗಳು. ಒಂದೇ ಕಟ್ಟಳೆ: ಜಾಗ ಖಾಲಿ ಬಿಡುವಂತಿಲ್ಲ. ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದು ಮೀನು ಬಂದ ದಿನ ಯಾರ ಜಾಗ ಖಾಲಿ ಇರುತ್ತದೋ ಆ ಜಾಗವನ್ನು ಮಾರ್ಕೆಟ್ಟಿನ ಹಿರಿಯ ಹೆಂಗಸರು ಬೇರೆಯವರಿಗೆ ಕೊಡುತ್ತಾರೆ. ಆ ವರ್ಷ ಅತ್ತೆಯ ಸೊಂಟ ಹೋಗಿತ್ತು. ಕೂತರೆ ಏಳುವುದಕ್ಕಾಗುವುದಿಲ್ಲ, ಎದ್ದರೆ ಕೂರುವುದಕ್ಕಾಗುವುದಿಲ್ಲ. ಅವಳಿಗೆ ಇದ್ದವರೆಲ್ಲ ಗಂಡು ಮಕ್ಕಳು, ಅವರೂ ಮುಂಬಯಿಯಲ್ಲಿ. ಹಾಗಾಗಿ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ನಾನ್ ಸತ್ರೂ ಅಡ್ಡಿಲ್ಲೆ, ಆ ಜಾಗ ಬೇರೆಯರಿಗ್ ಹೋಪುಕಾಗ" ಎಂದು, ಜಾಗ ಕೈಬಿಟ್ಟು ಹೋಗಬಾರದೆಂಬ ಹಟದಲ್ಲಿ, ಅತ್ತೆ ಅಮ್ಮನಿಗೆ ಹೇಳಿದಳು.

"ಹಂಗಾರೆ ಇವ್ಳನ್ನ ಓದ್ಸಿದ್ದ್ ಎಂತಕೆ?" ಎಂದಳು ಅಮ್ಮ.

ಮೀನಿನ ಬಗ್ಗೆ ನನಗೆ ಯಾವ ನಾಚಿಕೆಯೂ ಇರಲಿಲ್ಲ. ಆದರೆ ನನ್ನನ್ನು ಪ್ರೀತಿಸುವ ಇಬ್ಬರು ಹೆಂಗಸರ ನಡುವೆ ಜೀವಮಾನವಿಡೀ ಕೂತು, ಎಡಗಡೆಯವಳು ಬಲಕ್ಕೆ ಸರಿ ಎಂದಾಗ ಬಲಕ್ಕೆ, ಬಲಗಡೆಯವಳು ಎಡಕ್ಕೆ ಸರಿ ಎಂದಾಗ ಎಡಕ್ಕೆ ಸರಿಯುತ್ತ ಇರುವುದನ್ನು ನೆನೆದರೆ ಉಸಿರು ಕಟ್ಟುತ್ತಿತ್ತು. ನಾನು ಯಾರ ಮಗಳು, ಯಾರ ಮೊಮ್ಮಗಳು ಎಂದು ಗೊತ್ತಿಲ್ಲದ ಒಂದು ಜಾಗದಲ್ಲಿ ಕೂರಬೇಕೆಂದು ಆಸೆ. ಮೀನು ಬರುವುದರೊಳಗೆ ಕೆಲಸ ಸಿಕ್ಕಿದರೆ ನಾನು ಹೊರಗೆ. ಸಿಗದಿದ್ದರೆ ಅತ್ತೆಯ ಜಾಗದಲ್ಲಿ. ಅಮ್ಮನೂ ಅತ್ತೆಯೂ ಇಷ್ಟಕ್ಕೆ ಒಪ್ಪಿ ಜಗಳ ನಿಲ್ಲಿಸಿದ್ದರು.

ಬಿಬಿಎಂ ಮುಗಿಸಿ ಎರಡು ವರ್ಷ ನಾನು ಸಂದರ್ಶನಗಳಿಗೆ ಹೋಗುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಇನ್ಶೂರೆನ್ಸಿನವರು ಮೊದಲು ನಮ್ಮ ಮನೆಯವರಿಗೆಲ್ಲ ಪಾಲಿಸಿ ಮಾಡಿಸು, ಆಮೇಲೆ ನೋಡುವ ಎಂದರು. ಮೊಬೈಲ್ ಅಂಗಡಿಯವರು ಇಡೀ ದಿನ ನಿಂತಿರಬೇಕು ಎಂದರು, ಅವರು ಮಾತ್ರ ತಿರುಗುವ ಕುರ್ಚಿಯಲ್ಲಿ ಕೂತು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗುತ್ತಿದ್ದರು. ಬ್ರಹ್ಮಾವರದ ಒಂದು ಫೈನಾನ್ಸಿನವನು ನನ್ನ ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ವೆರಿ ಗುಡ್ ಎಂದ. ಇಂಥವರನ್ನೆಲ್ಲ ನೋಡಿ ನೋಡಿ, ಮೇಜಿನ ಆಚೆ ಕೂತವರ ಮೇಲೆ ನನಗಿದ್ದ ಗೌರವ ಜುಲೈ ತಿಂಗಳಿಗಾಗುವಾಗ ಪೂರ್ತಿ ಇಳಿದಿತ್ತು. ಆಗ ಕಾಲೇಜಿನ ಕಡೆಯಿಂದ ಸುದ್ದಿ ಬಂತು: ದೊಡ್ಡ ಕಂಪೆನಿಯೊಂದು ಮಂಗಳೂರು, ಮಣಿಪಾಲದ ಕಡೆಗೆಲ್ಲ ಹೊಸ ಅಂಗಡಿ ಹಾಕುತ್ತದಂತೆ, ಪದವಿಯಾದವರನ್ನು ಮ್ಯಾನೇಜ್‌ಮೆಂಟ್ ಟ್ರೈನಿ ಎಂದು ತೆಗೆದುಕೊಳ್ಳುತ್ತದಂತೆ, ಸಂದರ್ಶನ ಕುಂದಾಪುರದ ಒಂದು ಲಾಡ್ಜಿನಲ್ಲಿ.

ಸಂದರ್ಶನದ ಬೆಳಿಗ್ಗೆ ಅತ್ತೆ ಎಲ್ಲಿಂದಲೋ ಹೊಳೆ ಮೀನು ಸಂಪಾದಿಸಿ ತಂದು, ನಾನು ಸ್ನಾನ ಮಾಡಿ ಇಸ್ತ್ರಿಯ ಚೂಡಿದಾರ ಹಾಕಿ ನಿಂತ ಹೊತ್ತಿಗೆ ಸರಿಯಾಗಿ, ಸ್ವಲ್ಪ ಕೊಯ್ದು ಕೊಡು ಮಗಾ, ನನ್ನ ಸೊಂಟ ಬಗ್ಗುವುದಿಲ್ಲ ಎಂದಳು. ಅವಳ ಮುಖ ನೋಡಿದರೆ ಏನೂ ಅರಿಯದ ಮಗುವಿನ ಹಾಗೆ. ಅಮ್ಮ ಮೆಟ್ಟುಕತ್ತಿಯನ್ನು ಕಾಲಿಂದ ಎಳೆದು ತಾನು ಕೂತಳು. ನಾನು ಕೊಡೆ ಹಿಡಿದು ರಸ್ತೆಗೆ ಓಡಿದೆ.

ಲಾಡ್ಜಿನ ಮೇಲಿನ ಹಾಲಿನಲ್ಲಿ ಹಿಂದಿನ ದಿನ ಯಾರದೋ ನಿಶ್ಚಿತಾರ್ಥ ಆಗಿತ್ತು. ಕುರ್ಚಿಗಳಿಗೆ ಬಿಳಿ ಬಟ್ಟೆ, ಬೆನ್ನಿಗೆ ಗುಲಾಬಿ ರಿಬ್ಬನಿನ ಗಂಟು. ವೇದಿಕೆಯ ಮೇಲೆ ಥರ್ಮೋಕೋಲಿನಲ್ಲಿ ಹುಡುಗ ಹುಡುಗಿಯ ಹೆಸರು, ನಡುವೆ ಒಂದು ಹೃದಯ. ಕಂಪೆನಿಯವರು ಅದರ ಮೇಲೆ ತಮ್ಮ ಕೋಳಿ ಕಾಲಿನ ಬ್ಯಾನರು ಕಟ್ಟಿದ್ದರು, ಆದರೆ ಬ್ಯಾನರು ಗಿಡ್ಡ. ಹೃದಯದ ಮೇಲ್ಭಾಗ ಹೊರಗೆ ಕಾಣುತ್ತಿತ್ತು. ಒಟ್ಟಿನಲ್ಲಿ ಒಂದು ಹುರಿದ ಕೋಳಿಗೆ ಯಾರೋ ಮನಸೋತು ಮದುವೆ ನಿಶ್ಚಯ ಮಾಡಿಕೊಂಡ ಹಾಗೆ ಇತ್ತು.

ಬೈಂದೂರು, ಬ್ರಹ್ಮಾವರ, ಒಳನಾಡಿನ ಹಳ್ಳಿಗಳು, ಎಲ್ಲ ಕಡೆಯಿಂದ ಜನ ಬಂದಿದ್ದರು. ನನ್ನ ಪಕ್ಕದಲ್ಲಿ ಕೂತವನು ಶಂಕರನಾರಾಯಣದವನು. ದೇವಸ್ಥಾನದ ಪಕ್ಕದ ಮನೆ, ಹುಟ್ಟಿದಲ್ಲಿಂದ ಮೊಟ್ಟೆಯ ಸಿಪ್ಪೆ ಕೂಡ ಮುಟ್ಟಿದವನಲ್ಲ. ಇಲ್ಲಿಯ ತರಬೇತಿ ಎಂಬಿಎಗೆ ಸಮಾನ ಎಂದು ಯಾರೋ ಹೇಳಿದ್ದರಂತೆ, ಬಂದುಬಿಟ್ಟಿದ್ದ. ಬ್ಯಾನರಿನ ಮೇಲಿನ ಕೋಳಿ ಕಾಲನ್ನು ತುಂಬ ಹೊತ್ತು ನೋಡಿ ನನ್ನ ಕಡೆ ಬಾಗಿದ.

"ಹ್ವಾಯ್, ಮ್ಯಾನೇಜರ್ ಆದ್ರೂ ಕೋಳಿ ಮುಟ್ಟುಕೇ ಬೇಕಾ?"

"ಕೋಳಿಗೆಂತ ಬೇಜಾರಿಲ್ಲೆ" ಎಂದೆ. "ನಿಮ್ಗ್ ಇತ್ತಾ?"

ಅವನು ಸ್ವಲ್ಪ ಯೋಚಿಸಿ, ಗ್ಲೌಸು ಕೊಡುತ್ತಾರೆ ಎಂದು ಕೇಳಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ನಮ್ಮನ್ನು ಅಳೆಯಲು ಬಂದವರು ಇಬ್ಬರು. ಒಬ್ಬರು ಮುಂಬಯಿಯ ಎಚ್.ಆರ್. ಮೇಡಂ. ಅವರು ಹಾಲಿಗೆ ಬಂದವರೇ ಮೂಗಿಗೆ ಕರವಸ್ತ್ರ ಹಿಡಿದರು. ಕೆಳಗಿನ ಅಡುಗೆಮನೆಯಲ್ಲಿ ಒಣಮೀನು ಸುಡುತ್ತಿದ್ದರು. ಮಳೆಗಾಲದಲ್ಲಿ ಆ ಪರಿಮಳ ಮೂಗಿಗೆ ಬಡಿದರೆ ನಮಗೆಲ್ಲ ಗಂಜಿ ನೆನಪಾಗುತ್ತದೆ, ಅವರಿಗೆ ಏನು ನೆನಪಾಯಿತೋ. ಇನ್ನೊಬ್ಬರು ರೀಜನಲ್ ಮ್ಯಾನೇಜರು. ನಲವತ್ತರ ಆಸುಪಾಸಿನ ದಪ್ಪ ಮನುಷ್ಯ, ಕಂಪೆನಿಯ ಬಣ್ಣದ ಟೈ, ಮೂಗಿನಿಂದ ಬರುವ ಇಂಗ್ಲಿಷು. ಮೇಡಂ ಜೊತೆ ಹಿಂದಿ. ಲಾಡ್ಜಿನವನು ಬಂದು ಕಾಫಿಯೋ ಚಾಯೋ ಎಂದು ಕನ್ನಡದಲ್ಲಿ ಕೇಳಿದರೆ, ಈ ಮನುಷ್ಯ ಏನೂ ತಿಳಿಯದವರ ಹಾಗೆ ಮೇಡಂ ಮುಖ ನೋಡಿದರು. ಕಾಫಿ ಎನ್ನುವ ಶಬ್ದ ಯಾವ ಭಾಷೆಯಲ್ಲಿ ಅರ್ಥವಾಗುವುದಿಲ್ಲವೋ ನಾನರಿಯೆ.

ಮೊದಲು ಒಂದು ಸಿನಿಮಾ ತೋರಿಸಿದರು. ಕಂಪೆನಿ ಶುರುಮಾಡಿದವರ ಕಥೆ. ಅದರಲ್ಲಿ ಒಬ್ಬ ಬಿಳಿಯ ಮುದುಕ ಕೋಳಿಯ ಬಗ್ಗೆ ಮಾತಾಡುತ್ತ ಕಣ್ಣೊರೆಸಿಕೊಂಡ. ನಮ್ಮ ಮನೆಯಲ್ಲಿ ಕೋಳಿಗಾಗಿ ಅತ್ತವಳೆಂದರೆ ಅಜ್ಜಿ ಒಬ್ಬಳು, ಅದೂ ಸಾಕಿದ ಹುಂಜವನ್ನು ಅಪ್ಪ ಕೋಳಿ ಕಾಳಗದ ಅಂಕಕ್ಕೆ ಒಯ್ದು ಸೋತು ಬಂದಾಗ. ಸಿನಿಮಾ ಮುಗಿದ ಮೇಲೆ ಎಲ್ಲರೂ ವೃತ್ತಾಕಾರವಾಗಿ ನಿಂತು ಒಂದು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯಬೇಕು. ಚೆಂಡು ಸಿಕ್ಕಿದವರು ತಮ್ಮ ಪ್ಯಾಶನ್ ಏನೆಂದು ಹೇಳಬೇಕು. ಡಿಗ್ರಿ ಮುಗಿಸಿದ, ಮೀಸೆ ಬಂದ ಜನ ಗುಲಾಬಿ ರಿಬ್ಬನಿನ ಕುರ್ಚಿಗಳ ನಡುವೆ ಚೆಂಡು ಹಿಡಿದು ನಿಂತದ್ದನ್ನು ನೋಡಿದರೆ ಅಂಗನವಾಡಿಯವರು ಕೂಡ ನಾಚುತ್ತಿದ್ದರು. ಬ್ರಹ್ಮಾವರದ ಒಬ್ಬಳು ತನ್ನ ಪ್ಯಾಶನ್ ಲೀಡರ್‌ಶಿಪ್ ಎಂದಳು. ಅವಳ ನಂತರದವರೆಲ್ಲ ಲೀಡರ್‌ಶಿಪ್ಪೇ ಆದರು. ಲೀಡರುಗಳೇ ಅಷ್ಟು ಜನ, ಹಿಂದೆ ನಡೆಯಲು ಒಬ್ಬನೂ ಇಲ್ಲ. ಶಂಕರನಾರಾಯಣದವನು ಸೇವೆ ಎಂದ. ಅವನ ಮನೆಯವರು ತಲೆತಲಾಂತರದಿಂದ ಬಳಸಿದ ಶಬ್ದ, ಬಾಯಿಗೆ ತಾನಾಗಿ ಬಂತು. ಮೇಡಂಗೆ ಅದು ಬಹಳ ಹಿಡಿಸಿತು. ನನಗೆ ಚೆಂಡು ಬಂದಾಗ ಮಾತಾಡುವುದು ಎಂದೆ. ಮೇಡಂ ಅದನ್ನು ಕಮ್ಯುನಿಕೇಶನ್ ಎಂದು ತಿದ್ದಿಕೊಂಡರು.

ಆಮೇಲೆ ನಗುವ ಪಾಠ. ಒಂದು ಕೈಗನ್ನಡಿ ಒಬ್ಬರಿಂದೊಬ್ಬರಿಗೆ ಬರುತ್ತದೆ, ಅದರಲ್ಲಿ ನೋಡಿಕೊಂಡು ಮೇಲಿನ ಹಲ್ಲಿನ ಸಾಲು ಕಾಣುವಂತೆ ನಗಬೇಕು. ಕೆಳಗಿನ ಸಾಲು ಕಂಡರೆ ತಪ್ಪು. ಅಷ್ಟೊಂದು ಜನ ಒಬ್ಬರಾದ ಮೇಲೆ ಒಬ್ಬರು, ನಗು ಬಾರದೆ, ಕನ್ನಡಿಗೆ ಹಲ್ಲು ತೋರಿಸಿದರು. ನಮ್ಮ ಕಡೆ ಹಾಗೆ ಹಲ್ಲು ತೋರಿಸುವುದು ಹಲ್ಲಿನ ಡಾಕ್ಟರಿಗೆ ಮಾತ್ರ.

ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವಾಗ ಮೇಡಂ ಮನೆಯ ವಿಚಾರ ಕೇಳಿದರು. ಫಿಶ್ ಬಿಸಿನೆಸ್ ಎಂದೆ. ಅವರ ಕಣ್ಣರಳಿತು, ಎಕ್ಸ್‌ಪೋರ್ಟಾ ಎಂದರು. ಹೌದು, ಬುಟ್ಟಿಯಿಂದ ಚೀಲಕ್ಕೆ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೆಲಸ ಬೇಕಿತ್ತಲ್ಲ. ಲೋಕಲ್ ಮಾರ್ಕೆಟ್ ಎಂದೆ. ಅರಳಿದ ಕಣ್ಣು ಮುಚ್ಚಿಕೊಂಡಿತು. ರೀಜನಲ್ ಮ್ಯಾನೇಜರು ಅಷ್ಟೂ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನನ್ನನ್ನು ಒಮ್ಮೆಯೂ ನೋಡಲಿಲ್ಲ.

ಕೊನೆಯ ಪರೀಕ್ಷೆ ಮಧ್ಯಾಹ್ನದ ಮೇಲೆ. ಇದರಲ್ಲಿ ದಾಟಿದವರಿಗೆ ಕೆಲಸ ಎಂದು ಮೊದಲೇ ಹೇಳಿದ್ದರು. ಮೇಜೊಂದನ್ನು ಅಂಗಡಿಯ ಕೌಂಟರ್ ಮಾಡಿ, ಅದರ ಮೇಲೆ ಹುರಿದ ಬಟಾಟೆ ಕಡ್ಡಿಗಳ ಒಂದು ಟ್ರೇ, ಪುಟ್ಟ ತಕ್ಕಡಿ, ಕಾಗದದ ಡಬ್ಬಿ, ಕಾಗದದ ಚೀಲ ಇಟ್ಟಿದ್ದರು. ಬಟಾಟೆ ಬೆಳಿಗ್ಗೆ ಮಂಗಳೂರಿನಲ್ಲಿ ಹುರಿದದ್ದು. ದಾರಿಯ ಮಳೆಗಾಳಿ ಕುಡಿದು ಮೆತ್ತಗಾಗಿ, ನಾಲ್ಕು ದಿನ ಜ್ವರ ಬಂದವರ ಬೆರಳಿನ ಹಾಗೆ ಬಿದ್ದಿತ್ತು. ನಾವು ಕೌಂಟರಿನ ಹಿಂದೆ ನಿಂತು, ಬಂದ ಗಿರಾಕಿಯನ್ನು ಹಲ್ಲು ತೋರಿಸಿ ಸ್ವಾಗತಿಸಿ, ಇದರ ಜೊತೆ ಅದೂ ಬೇಕಾ, ದೊಡ್ಡದು ಮಾಡಲಾ ಎಂದು ಕೇಳಿ, ತೂಕ ನೋಡಿ, ಡಬ್ಬಿ ಚೀಲಕ್ಕೆ ಹಾಕಿ ಕಳಿಸಬೇಕು. ಗಿರಾಕಿ ರೀಜನಲ್ ಮ್ಯಾನೇಜರು. ಮೇಡಂ ಬದಿಯಲ್ಲಿ ನಿಂತು ನೋಡುವವರು.

ನನ್ನ ಸರದಿ ಬಂತು. ಸ್ವಾಗತ ಮಾಡಿದೆ, ಹಲ್ಲು ತೋರಿಸಿದೆ, ದೊಡ್ಡದು ಮಾಡಲಾ ಎಂದೆ. ಅವರು ಇಂಗ್ಲಿಷಿನಲ್ಲಿ ಬೇಡ ಎಂದರು. ಬಟಾಟೆ ತೂಗಿ ಡಬ್ಬಿಗೆ ತುಂಬಿಸಿ, ಅಷ್ಟರಲ್ಲಿ ಅವರೇ ಮೇಜಿನಿಂದ ಎತ್ತಿ ಹಿಡಿದ ಚೀಲದೊಳಗೆ ಇಟ್ಟೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಚೀಲ ಮುಚ್ಚಲಿಲ್ಲ. ಎರಡೂ ಕೈಯಿಂದ ಚೀಲದ ಬಾಯಿ ಅಗಲಿಸಿ ನನ್ನ ಕಡೆ ಹಿಡಿದೇ ಇದ್ದರು. ಮುಖ ಮಾತ್ರ ಆ ಕಡೆ, ಕಿಟಕಿಯ ಹೊರಗೆ, ತನಗೂ ಆ ಚೀಲಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮಾರ್ಕೆಟ್ಟುಗಳಲ್ಲಿ ಮೀನು ಕೊಂಡವರು ಯಾರೂ ಕೊಸರು ಕೊಡು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಮರ್ಯಾದೆ ಅಲ್ಲ. ಮೀನು ಚೀಲಕ್ಕೆ ಬಿದ್ದ ಮೇಲೂ ಚೀಲದ ಬಾಯಿ ಮುಚ್ಚದೆ, ಮುಖ ಬೇರೆ ಕಡೆ ತಿರುಗಿಸಿ, ಆಚೆಯವಳ ಬುಟ್ಟಿಯನ್ನೋ ಮಾಡಿನ ಹಂಚನ್ನೋ ನೋಡುತ್ತ ನಿಲ್ಲುತ್ತಾರೆ. ಮಾರುವವಳು ಗೊಣಗುತ್ತಾಳೆ, ಇವತ್ತು ನನಗೇ ಗಿಟ್ಟಲಿಲ್ಲ ಎನ್ನುತ್ತಾಳೆ, ಗೊಣಗುತ್ತಲೇ ಒಂದು ಸಣ್ಣ ಬಂಗುಡೆಯನ್ನೋ ಒಂದು ಮುಷ್ಟಿ ಸಿಗಡಿಯನ್ನೋ ಮೇಲಿಂದ ಎಸೆಯುತ್ತಾಳೆ. ಆಗ ಚೀಲ ಮುಚ್ಚುತ್ತದೆ, ವ್ಯಾಪಾರ ಮುಗಿಯುತ್ತದೆ. ಗೊಣಗದೆ ಕೊಟ್ಟರೆ ಮೀನು ಹಳತು ಎಂದು ಅರ್ಥ. ಇದು ಹುಟ್ಟಿನಿಂದ ಅಮ್ಮಂದಿರ ಸೆರಗು ಹಿಡಿದು ಮಾರ್ಕೆಟ್ಟಿಗೆ ಹೋದವರಿಗೆ ಮಾತ್ರ ಬರುವ ನಿಲುವು. ಮುಂಬಯಿಯ ಕ್ಲಾಸಿನಲ್ಲಿ ಕಲಿಸುವಂಥದ್ದಲ್ಲ.

ಎದುರಿಗೆ ಬಾಯ್ದೆರೆದ ಚೀಲ, ತಿರುಗಿದ ಮುಖ. ನನ್ನ ತಲೆ ಯೋಚಿಸುವುದರೊಳಗೆ ಕೈ ಹೋಗಿ ಟ್ರೇಯಿಂದ ಒಂದು ಚಿಟಿಕೆ ಬಟಾಟೆ ತೆಗೆದು ಚೀಲಕ್ಕೆ ಎಸೆದಾಗಿತ್ತು. ಬಾಯಿಯೂ ಸುಮ್ಮನಿರಲಿಲ್ಲ.

"ಹೋಯ್ಲಿ, ತಕಣಿ. ಇನ್ ಕೇಂಬುಕಾಗ."

ಇನ್ನು ಕೇಳಬಾರದು ಎಂದು ಗಿರಾಕಿಗೆ ಅಂದೆ! ಅವರು ತೃಪ್ತಿಯಿಂದ ಚೀಲ ಮುಚ್ಚಿದರು. ಮುಚ್ಚಿದ ಮೇಲೆ ಎಚ್ಚರವಾಯಿತು. ನನಗೂ, ಅವರಿಗೂ.

ಮೇಡಂ ಬಂದು, ಅದೇನು ಎಸೆದದ್ದು ಎಂದು ಕೇಳಿದರು. ಗಿರಾಕಿಗೆ ಸ್ವಲ್ಪ ಹೆಚ್ಚಿಗೆ ಎಂದೆ. ಅಷ್ಟರಲ್ಲಿ ರೀಜನಲ್ ಮ್ಯಾನೇಜರಿಗೆ ಟೈ, ಮೂಗು, ಇಂಗ್ಲಿಷು ಎಲ್ಲ ಮರಳಿ ಬಂದಿತ್ತು. ಒಂದು ಅಂಗಡಿಯಲ್ಲಿ ಒಂದು ಚಿಟಿಕೆ ಹೆಚ್ಚು ಹೋದರೆ ದೇಶದ ಅಂಗಡಿಗಳಲ್ಲೆಲ್ಲ ಸೇರಿ ಎಷ್ಟು ಟನ್ ಬಟಾಟೆ ನಷ್ಟ ಎಂದು ಭಾಷಣ ಮಾಡಿದರು. ಕಂಪೆನಿ ತಕ್ಕಡಿ ಕೊಟ್ಟದ್ದು ಯಾಕೆ ಎಂದು ಕೇಳಿದರು. ಕೊನೆಗೆ ಎಲ್ಲರಿಗೂ ಕೇಳುವಂತೆ, ಇದು ಮೀನು ಮಾರ್ಕೆಟ್ ಅಲ್ಲ ಎಂದರು, ಇಂಗ್ಲಿಷಿನಲ್ಲಿ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿನವನ ಮೇಲೆ ಒಂದಿಷ್ಟು ಲಕ್ಷ್ಯವಿರಬೇಕು. ಕಾಫಿಗೆ ಅರ್ಥ ಗೊತ್ತಿಲ್ಲದವನಂತೆ ಕೂತು, ಊರನ್ನೇ ಮೂಗಿನಿಂದ ಆಚೆ ತಳ್ಳಿ, ಚೀಲ ಕೈಗೆ ಬಂದದ್ದೇ ತಡ ಮೈಯೆಲ್ಲ ಮೀನು ಮಾರ್ಕೆಟ್ಟಾಗಿ ನಿಂತ ಈ ಮನುಷ್ಯ! ಇವನ ತಾಯಿಯ ಹಿಂದೆ ಇವನು ನಿಂತಿರಬಹುದಾದ ಮಾರ್ಕೆಟ್ಟು, ಇವನ ಚೀಲಕ್ಕೆ ಬಿದ್ದಿರಬಹುದಾದ ಬಂಗುಡೆ ಎಲ್ಲ ನನ್ನ ಕಣ್ಣಿಗೆ ಬಂತು. ನನ್ನ ಅಮ್ಮನಂಥವರ ಕೊಸರು ತಿಂದೇ ಬೆಳೆದ ಹೊಟ್ಟೆ ಅದು.

ಮೇಡಂ ಸ್ವಲ್ಪ ಮರುಕದವರು. ಇನ್ನೊಂದು ಸಲ ಮಾಡು, ಈ ಸಲ ಹೇಳಿದಷ್ಟೇ ಮಾಡು ಎಂದರು. ಅತ್ತೆಯ ಜಾಗ ಕಣ್ಣ ಮುಂದೆ ಹಾದುಹೋಯಿತು. ಮತ್ತೆ ನಿಂತೆ. ಮತ್ತೆ ಸ್ವಾಗತ, ಮತ್ತೆ ಹಲ್ಲು, ಮತ್ತೆ ದೊಡ್ಡದು ಮಾಡಲಾ. ತಕ್ಕಡಿಯ ಮುಳ್ಳು ಗೆರೆಯ ಮೇಲೆ ನಿಲ್ಲುವ ತನಕ ಒಂದೊಂದೇ ಕಡ್ಡಿ ಹಾಕಿ ತೆಗೆದೆ. ಡಬ್ಬಿ ಚೀಲಕ್ಕಿಳಿಯಿತು. ಚೀಲದ ಬಾಯಿ ಮತ್ತೆ ತೆರೆದೇ ಇತ್ತು, ಮುಖ ಮತ್ತೆ ಕಿಟಕಿಯ ಕಡೆ. ಒಂದು ಗಳಿಗೆ ಮುಂಚೆ ಭಾಷಣ ಮಾಡಿದ ಬಾಯಿಗೂ ಆ ಕೈಗಳಿಗೂ ಪರಿಚಯವೇ ಇರಲಿಲ್ಲ.

ನಾನು ಕಾದೆ. ಅವರೂ ಕಾದರು. ಆಮೇಲೆ ನಾನೇ ಕೈ ಚಾಚಿ ಆ ಚೀಲದ ಬಾಯಿಯನ್ನು ಅವರ ಬೆರಳುಗಳ ನಡುವಿನಿಂದ ಬಿಡಿಸಿ, ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಗೆರೆ ಎಳೆದು, ಅವರ ಕೈಗೆ ಕೊಟ್ಟು, ಮೇಲಿನ ಹಲ್ಲಿನ ಸಾಲು ಮಾತ್ರ ಕಾಣುವಂತೆ ನಕ್ಕು, ಥ್ಯಾಂಕ್ಯೂ, ಮತ್ತೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕಿವಿ ಕೆಂಪಾಯಿತು. ಮೇಡಂ ಚಪ್ಪಾಳೆ ತಟ್ಟಿದರು. ಎಷ್ಟು ಚೆನ್ನಾಗಿ ಮುಗಿಸಿದಳು ನೋಡಿ ಎಂದು ಉಳಿದವರಿಗೆ ತೋರಿಸಿದರು.

ಕೈ ತೊಳೆಯಲೆಂದು ಮೆಟ್ಟಿಲಿಳಿದು ಕೆಳಗೆ ಹೋದೆ. ನಳ್ಳಿಯ ಹತ್ತಿರ ಹಿಂದಿನಿಂದ ಯಾರೋ ಬಂದು ನಿಂತರು. ತಿರುಗಿದರೆ ರೀಜನಲ್ ಮ್ಯಾನೇಜರು. ಹಿಂದೆ ಮುಂದೆ ನೋಡಿ ಗಂಟಲು ಸರಿಮಾಡಿಕೊಂಡರು.

"ನಿಮ್ಮನಿ ಎಲ್ಲಾಯ್ತ್?"

ಮೂಗು ಮಾಯವಾಗಿತ್ತು. ಅಪ್ಪಟ ನಮ್ಮ ಸ್ವರ. "ಉಪ್ಪುಂದ" ಎಂದೆ. "ನಿಮ್ದ್?"

"ಬೀಜಾಡಿ." ಕುಂದಾಪುರಕ್ಕೆ ಕೂಗಳತೆಯ ಊರು. ನಳ್ಳಿಯ ಕಡೆ ಬಾಗಿ ಸ್ವರ ತಗ್ಗಿಸಿದರು. "ಒಳ್ಗೆ ಹೇಳುದ್ ಬ್ಯಾಡ ಮಾರಾಯ್ತಿ. ಈ ಊರಿನವ ಅಂದೇಳಿ ಗೊತ್ತಾರೆ ನನ್ನನ್ನ ಇಲ್ಲೇ ಹಾಕ್ತ್ರ್."

ಮುಂಬಯಿಯಲ್ಲಿ ಮನೆ ಮಾಡಿದ್ದಾರಂತೆ, ಮಕ್ಕಳು ಅಲ್ಲಿಯ ಶಾಲೆಯಂತೆ, ಕಂಪೆನಿಗೆ ಈ ಕಡೆಯ ಅಂಗಡಿಗಳನ್ನು ನೋಡಿಕೊಳ್ಳಲು ಊರು ಬಲ್ಲವರು ಬೇಕಂತೆ, ಅದಕ್ಕೆ ತಾನು ಹುಟ್ಟಿದ್ದೇ ಮುಂಬಯಿಯಲ್ಲಿ ಎಂದು ಹೇಳಿಕೊಂಡಿದ್ದಾರಂತೆ. ಊರಿನ ಮೇಲೆ ಬೇಸರವೇನೂ ಇಲ್ಲ ಎಂದರು. ಹುಟ್ಟಿದ ಊರನ್ನು ಅಡಗಿಸಿಡುವುದಕ್ಕೆ ಕಾರಣ ಕೊಡುವಾಗ ಮನುಷ್ಯರು ಎಷ್ಟು ಸಣ್ಣದಾಗಿ ಕಾಣುತ್ತಾರೆ ಎಂದು ನನಗೆ ಆವತ್ತು ತಿಳಿಯಿತು. ಅಷ್ಟು ದಪ್ಪದ ಮನುಷ್ಯ ಆ ನಳ್ಳಿಯ ಹಿಂದೆ ಅಡಗಬಹುದಿತ್ತು.

"ನಾನ್ ಹೇಳುದಿಲ್ಲೆ" ಎಂದೆ. "ನೀವ್ ಚೀಲ ಮುಚ್ಚುಕೆ ಕಲ್ತ್ಕಣಿ."

ಸಂಜೆಗೆ ಫಲಿತಾಂಶ. ಅವರಿಬ್ಬರೂ ಬ್ಯಾನರಿನ ಪಕ್ಕ ನಿಂತು ಹಿಂದಿಯಲ್ಲಿ ವಾದ ಮಾಡಿದರು, ನಮಗೆ ಹಿಂದಿ ಬಾರದೆಂದು ಮೇಡಂ ಎಣಿಸಿದ್ದಿರಬೇಕು. ಕುಂದಾಪುರ ತಾಲೂಕಿನಲ್ಲಿ ಮುಂಬಯಿಗೆ ಒಬ್ಬರನ್ನಾದರೂ ಕಳಿಸದ ಮನೆ ಹುಡುಕಬೇಕು. ಹಾಲಿನಲ್ಲಿದ್ದವರೆಲ್ಲ ಕಿವಿ ಕೊಟ್ಟು ಕೂತಿದ್ದೆವು. ಈ ಹುಡುಗಿ ಎದುರುತ್ತರದವಳು, ಬೇಡ ಎಂದು ರೀಜನಲ್ ಮ್ಯಾನೇಜರು. ಇಲ್ಲ, ಒಮ್ಮೆ ಹೇಳಿದರೆ ಸಾಕು, ಹೇಳಿದ ಹಾಗೆ ಮಾಡುತ್ತಾಳೆ, ನಮಗೆ ಬೇಕಾದವಳು ಇವಳೇ ಎಂದು ಮೇಡಂ. ಬೇಡ ಎನ್ನಲು ಅವರಿಗೆ ಇನ್ನೊಂದು ಕಾರಣ ಸಿಗಲಿಲ್ಲ. ಇದ್ದ ಕಾರಣವನ್ನು ಹೇಳುವ ಹಾಗಿರಲಿಲ್ಲ.

ಅಂತೂ ನನ್ನ ಹೆಸರು ಓದಿದರು. ಮೂರು ವರ್ಷ ಓದಿದ ಓದಿಗೆ ಅಲ್ಲ, ಮಾತಿಗೆ ಅಲ್ಲ, ಹೇಳಿದ ಹಾಗೆ ಚೀಲ ಮಡಚಿದ್ದಕ್ಕೆ. ಶಂಕರನಾರಾಯಣದವನನ್ನೂ ತೆಗೆದುಕೊಂಡರು, ಅವನ ಸೇವೆಯ ಮಾತಿಗೆ. ಅವನು ಸಂತೋಷಪಡುವ ಬದಲು ಮೇಡಂ ಹತ್ತಿರ ಹೋಗಿ ಗ್ಲೌಸಿನ ವಿಚಾರ ಖಾತ್ರಿ ಮಾಡಿಕೊಂಡ. ತರಬೇತಿ ಮಂಗಳೂರಿನಲ್ಲಿ, ಆಗಸ್ಟ್ ಮೊದಲ ವಾರದಲ್ಲಿ ಹಾಜರಾಗಬೇಕು ಎಂದರು. ಉಪ್ಪುಂದದ ಬಸ್ಸು ಹತ್ತುವಾಗ ನನಗೆ ನಗು ತಡೆಯಲಾಗಲಿಲ್ಲ. ಗೆದ್ದಿದ್ದೆ, ಯಾರನ್ನು ಎಂದು ಕೇಳಿದರೆ ಹೇಳಲಿಕ್ಕೆ ಬರುವಂಥ ಎದುರಾಳಿ ಯಾರೂ ಇರಲಿಲ್ಲ.

ಮನೆಯಲ್ಲಿ ಅಮ್ಮ ಸುದ್ದಿ ಕೇಳಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದಳು. ಬಂದವಳೇ ಮ್ಯಾನೇಜರಾ ಎಂದು ಕೇಳಿದಳು. ಕಲಿತ ಮೇಲೆ ಮ್ಯಾನೇಜರು ಎಂದೆ. ಕಲಿತ ಮೇಲೆ ಎನ್ನುವ ಭಾಗವನ್ನು ಬಿಟ್ಟು ಅವಳು ನೆರೆಮನೆಗೆ ಹೇಳಲು ಹೊರಟಳು. ಅತ್ತೆ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಲಾಡ್ಜಿನ ಕಥೆಯೆಲ್ಲ ಹೇಳಿದೆ: ಚೆಂಡು, ಕನ್ನಡಿ, ಬಟಾಟೆ. ಬೀಜಾಡಿಯವರ ವಿಚಾರ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಮರುದಿನದೊಳಗೆ ಅತ್ತೆ ಆ ಮನುಷ್ಯನ ಅಜ್ಜಿಯ ತವರಿನ ತನಕ ಕಂಡುಹಿಡಿದು ಮುಗಿಸುತ್ತಿದ್ದಳು. ಮಾತು ಕೊಟ್ಟಾಗಿತ್ತು. ಇಲ್ಲೂ ಅವರ ಹೆಸರಿಲ್ಲ.

ಅತ್ತೆ ನಗಲಿಲ್ಲ. ಆ ಅಂಗಡಿಯಲ್ಲಿ ವ್ಯಾಪಾರ ಹೇಗೆ ಎಂದು ಕೇಳಿದಳು. ಕ್ರಯವನ್ನು ಗೋಡೆಯ ಮೇಲೆ ಬರೆದಿರುತ್ತಾರೆ, ಚೌಕಾಸಿ ಇಲ್ಲ, ತಕ್ಕಡಿ ಹೇಳಿದಷ್ಟೇ, ಬಂದವರು ಕೊಟ್ಟು ತೆಗೆದುಕೊಂಡು ಹೋಗುತ್ತಾರೆ ಎಂದೆ. ಯಾರ ಮನೆಯವರು, ಯಾರಿಗೆ ಬಸುರಿ ಮಗಳಿದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಇದೊಂದೂ ಕೇಳುವುದಿಲ್ಲವಾ ಎಂದಳು. ಕೇಳಬಾರದು, ಕಂಪೆನಿ ಬರೆದುಕೊಟ್ಟದ್ದನ್ನು ಮಾತ್ರ ಹೇಳಬೇಕು ಎಂದೆ.

"ಹಂಗಾರೆ ಇಡೀ ದಿನ ಅಲ್ಲಿ ಎಂತ ಮಾತಾಡುದ್ ನೀನ್?" ಎಂದಳು ಅತ್ತೆ.

ಬೆಳಿಗ್ಗೆಯಿಂದ ಅಷ್ಟೊಂದು ಪ್ರಶ್ನೆ ಕೇಳಿದ್ದರು ಲಾಡ್ಜಿನಲ್ಲಿ, ಇಂಥದ್ದೊಂದನ್ನು ಕೇಳಿರಲಿಲ್ಲ.

ಮೊದಲ ಬೋಟುಗಳ ಮೀನು ಬಂದದ್ದೂ ನಾನು ಮಂಗಳೂರಿಗೆ ಹೊರಟದ್ದೂ ಒಂದೇ ಬೆಳಿಗ್ಗೆ. ಬಸ್ಸು ನಿಲ್ಲುವುದು ಮಾರ್ಕೆಟ್ಟಿನ ಎದುರಿಗೆ. ಹೊಸ ಬೂಟು, ಹೊಸ ಬ್ಯಾಗು ಹಿಡಿದು ನಿಂತಿದ್ದೆ. ಅತ್ತೆ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ತಾನೇ ಬಂದು ತನ್ನ ಜಾಗದಲ್ಲಿ ಕೂತಿದ್ದಳು. ಬಿಟ್ಟುಕೊಡುವುದಿಲ್ಲ ಎಂದು ಹಟ. ಒಂದು ಬುಟ್ಟಿ ಖಾಲಿಯಾಗುವ ಮುಂಚೆ ಮುಖ ಬಿಳಿಚಿತು. ಮಾರ್ಕೆಟ್ಟಿನ ಹಿರಿಯಳೊಬ್ಬಳು ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಏನೋ ಮೆತ್ತಗೆ ಹೇಳಿದಳು. ಅಮ್ಮ ತನ್ನ ಮೀನಿಗೆ ನೀರು ಚಿಮುಕಿಸುತ್ತ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಅಮ್ಮನ ಹೆಗಲು ಹಿಡಿದು ಎದ್ದಳು. ನಮ್ಮ ಕೇರಿಯವಳೇ ಅಲ್ಲದ, ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು ಅಂಜುತ್ತಂಜುತ್ತ ಆ ಜಾಗಕ್ಕೆ ಬುಟ್ಟಿ ತಂದಿಟ್ಟು ಹಿಂದಕ್ಕೆ ಒತ್ತಿ ಕೂತಳು.

ಅತ್ತೆ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತು ಆ ಹುಡುಗಿಯನ್ನು ನೋಡಿದಳು, ತಡೆಯಲಾಗಲಿಲ್ಲ.

"ಅಷ್ಟ್ ಒಳ್ಗೆ ಕೂಕಂಬುಕಾಗ. ಮುಂದ್ ಬಾ. ಜನಕ್ಕೆ ನಿನ್ ಮುಖ ಕಾಣ್ಕ್."

ಹುಡುಗಿ ಮುಂದೆ ಸರಿದಳು. ಸರಿಯುವಾಗ ರಸ್ತೆಯ ಆಚೆ ನಿಂತ ನನ್ನನ್ನೂ ನನ್ನ ಬೂಟನ್ನೂ ನೋಡಿ, ಅದು ಯಾರು ಎಂದು ಅತ್ತೆಯನ್ನು ಕೇಳಿದಳು.

"ಅದಾ? ನಮ್ಮನಿದೇ" ಎಂದಳು ಅತ್ತೆ, ನನಗೂ ಕೇಳುವಂತೆ. "ಕೋಳಿ ಮಾರುಕೆ ಹೋತ್."

ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕಳು, ಮುಖ ಬಗ್ಗಿಸಿಕೊಂಡು. ಬಸ್ಸು ಬಂತು, ಹತ್ತಿದೆ.